ಆನ್‌ಲೈನ್ ಪುಸ್ತಕ: ಉಲ್ಲೇಖ ಕೊಡುವುದು ಹೀಗೆ

ಕಡೂರು, ತರೀಕೆರೆ, ಅಜ್ಜಂಪುರದ ಇತಿಹಾಸ ಕುರಿತು ಸಂಶೋಧನಾ ಪ್ರಬಂಧ ಬರೆಯುವವರಿಗೆ ಬೇಕೇ ಬೇಕಾದ ಪುಸ್ತಕ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಕಾಲದಲ್ಲಿ, 1901ರಲ್ಲಿ ಅಚ್ಚಾದದ್ದು. ಈಗ ಅದರ ಸ್ಕ್ಯಾನ್ ಪ್ರತಿಯನ್ನು ಮೊಬೈಲಿನಲ್ಲೇ ಓದಬಹುದು. ಆದರೆ ಅಡಿಟಿಪ್ಪಣಿಯಲ್ಲಿ ಬರೀ ವೆಬ್ ವಿಳಾಸ ಅಂಟಿಸಿದರೆ ಉಲ್ಲೇಖವಾಗದು. ನಾಳೆ ಕೊಂಡಿ ತೆರೆಯದಿದ್ದರೂ ಓದುಗರಿಗೆ ಅದೇ ಪುಸ್ತಕದ ಅದೇ ಪುಟ ಸಿಗಬೇಕು. ಅದಕ್ಕೆ ಹೀಗೆ ಮಾಡಿ:

1. ಶೀರ್ಷಿಕೆ ಪುಟ ನೋಡಿ: ಲೇಖಕ ಅಥವಾ ಸಂಪಾದಕ, ಸಂಪುಟ, ಪ್ರಕಾಶಕರು, ವರ್ಷ ಇವನ್ನು ಸ್ಕ್ಯಾನ್ ಆದ ಶೀರ್ಷಿಕೆ ಪುಟದಿಂದಲೇ ಬರೆದುಕೊಳ್ಳಿ. ಜಾಲತಾಣದಲ್ಲಿ ಕಾಣುವ ಅಪ್‌ಲೋಡ್ ದಿನಾಂಕ ಪ್ರಕಟಣೆಯ ವರ್ಷವಲ್ಲ.

2. ಆವೃತ್ತಿ ತಿಳಿಸಿ: ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಕ್ರಮವೇ ಬೇರೆ. ಅದರ 6ನೇ ಸಂಪುಟ ತೆರೆದರೆ ಸಿಗುವುದು ಮಂಡ್ಯ ಜಿಲ್ಲೆಯ ಶಾಸನಗಳು! ಹಾಗಾಗಿ ‘ಸಂಪುಟ 6’ ಎಂದಷ್ಟೇ ಬರೆದರೆ ಸಾಲದು.

3. ಅಚ್ಚಾದ ಪುಟಸಂಖ್ಯೆ ಕೊಡಿ: ಪಿಡಿಎಫ್ ತೋರಿಸುವ ಸಂಖ್ಯೆಗೂ ಪುಟದ ಮೇಲೆ ಅಚ್ಚಾದ ಸಂಖ್ಯೆಗೂ ತಾಳೆಯಾಗದು. ರೈಸ್ ಸಂಪುಟಗಳಲ್ಲಿ ಮೂಲಪಾಠ, ಇಂಗ್ಲಿಷ್ ಅನುವಾದಗಳಿಗೆ ಪ್ರತ್ಯೇಕ ಪುಟಸಂಖ್ಯೆ ಇರುವುದರಿಂದ ಭಾಗದ ಹೆಸರನ್ನೂ ಸೇರಿಸಿ. ಪುಟಸಂಖ್ಯೆಯೇ ಇಲ್ಲದ ಇ-ಪುಸ್ತಕವಾದರೆ ಅಧ್ಯಾಯ, ಪ್ಯಾರಾ ಸಾಕು.

4. ಶಾಸನ ಸಂಖ್ಯೆ ಬದಲಿಸಬೇಡಿ: ಅಮೃತಾಪುರದ ಅಮೃತೇಶ್ವರ ದೇವಾಲಯದ ಶಾಸನ, ಅಂದರೆ ಕವಿ ಜನ್ನನ ರಚನೆ, ಈ ಸಂಪುಟದಲ್ಲಿ ‘ತರೀಕೆರೆ 45’. ಆಗ ತರೀಕೆರೆಗೆ ಸೇರಿದ್ದ ಅಜ್ಜಂಪುರ ಈಗ ಪ್ರತ್ಯೇಕ ತಾಲ್ಲೂಕು. ಹಾಗೆಂದು ಆ ಭಾಗದ ಶಾಸನಗಳಿಗೆ ‘ಅಜ್ಜಂಪುರ’ ಎಂದು ಹೊಸ ಗುರುತು ಹಚ್ಚಿದರೆ ಪುಸ್ತಕದಲ್ಲಿ ಯಾರಿಗೂ ಸಿಗದು. ಈಗಿನ ತಾಲ್ಲೂಕಿನ ಹೆಸರನ್ನು ಆವರಣದಲ್ಲಿ ಕೊಡಿ.

5. ಕೊಂಡಿ ಕೊನೆಯಲ್ಲಿರಲಿ: ಹುಡುಕಾಟದ ಫಲಿತಾಂಶದ ಉದ್ದನೆಯ ವಿಳಾಸ ಬೇಡ, ಪುಸ್ತಕದ ಸ್ವಂತ ಪುಟದ ಕೊಂಡಿ ಕೊಡಿ. ಡಿಒಐ ಸಂಖ್ಯೆ (ಡಿಜಿಟಲ್ ಪ್ರಕಟಣೆಯ ಶಾಶ್ವತ ಗುರುತು) ಇದ್ದರೆ ಅದೇ ಉತ್ತಮ. ವಿಕಿಸೋರ್ಸ್‌ನಂಥ, ತಿದ್ದುಪಡಿಯಾಗುತ್ತಲೇ ಇರುವ ತಾಣವಾದರೆ ನೋಡಿದ ದಿನಾಂಕವನ್ನೂ ಬರೆಯಿರಿ.

6. ಒಂದೇ ಶೈಲಿ ಪಾಲಿಸಿ: ಎಂಎಲ್‌ಎ ಎಂಬ ಉಲ್ಲೇಖ ಶೈಲಿಯಲ್ಲಿ ಮೇಲಿನ ಪುಸ್ತಕ ಹೀಗೆ ಬರುತ್ತದೆ:

ರೈಸ್, ಬಿ.ಎಲ್., ಸಂಪಾದಕ. ಎಪಿಗ್ರಾಫಿಯಾ ಕರ್ನಾಟಿಕಾ. ಸಂಪುಟ 6, ಮೈಸೂರು ಗವರ್ನಮೆಂಟ್ ಸೆಂಟ್ರಲ್ ಪ್ರೆಸ್, 1901. ಜಾಲತಾಣದ ಹೆಸರು, ಕೊಂಡಿ.

ಎಪಿಎ ಎಂಬ ಇನ್ನೊಂದು ಶೈಲಿಯಲ್ಲಾದರೆ ವರ್ಷ ಹೆಸರಿನ ಪಕ್ಕಕ್ಕೇ ಬರುತ್ತದೆ. ಯಾವ ಶೈಲಿ ಬೇಕೆಂದು ಮಾರ್ಗದರ್ಶಕರನ್ನು ಮೊದಲೇ ಕೇಳಿಕೊಳ್ಳಿ.

ಇನ್ನೊಬ್ಬರ ಲೇಖನದಲ್ಲಿ ಕಂಡ ಉಲ್ಲೇಖವನ್ನು ಮೂಲ ತೆರೆಯದೆ ನಕಲು ಮಾಡಬೇಡಿ. ಮೂಲ ಸಿಗದಿದ್ದರೆ ನೀವು ಓದಿದ ಲೇಖನವನ್ನೇ ಹೆಸರಿಸಿ. ಓದಿದ ಪುಟದ ವಿವರವನ್ನು ಆಗಲೇ ಗುರುತು ಹಾಕಿಕೊಳ್ಳಿ. ಪ್ರಬಂಧ ಸಲ್ಲಿಸುವ ಹಿಂದಿನ ರಾತ್ರಿ ಪರದಾಡುವುದು ತಪ್ಪುತ್ತದೆ.