ಕಲ್ಲಿನ ಚಿನ್ನ, ಲೆಕ್ಕದ ಚಿನ್ನ

ನಮ್ಮ ಗುಡ್ಡಗಳಲ್ಲಿ ಚಿನ್ನವಿದೆಯೆಂಬ ಮಾತನ್ನು ನಂಬಿ ಜಮೀನು ಕೊಳ್ಳಬಹುದೇ ಎಂದು ಹೊಸದುರ್ಗದ ವರ್ತಕ ಮಿತ್ರರು ಆಗಾಗ ಕೇಳುವುದುಂಟು. ಮಾತೇನೂ ಸುಳ್ಳಲ್ಲ. ಗದಗದಿಂದ ದಕ್ಷಿಣಕ್ಕೆ ಮಂಡ್ಯ ಸೀಮೆಯವರೆಗೆ ಹಬ್ಬಿದ ಚಿತ್ರದುರ್ಗ ಶಿಲಾಪಟ್ಟಿಯು 250 ಕೋಟಿ ವರ್ಷಗಳಿಗೂ ಹಳೆಯದು. ಇಂತಹ ಶಿಲೆಗಳಿಗೆ ‘ಧಾರವಾಡ’ ಎಂದು 1880ರ ದಶಕದಲ್ಲಿ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯೂ ಆರಂಭವಾಯಿತು.

ಪಟ್ಟಿಯ ಪೂರ್ವದಂಚಿನ ಬಿರುಕುಗಳಲ್ಲಿ ಬಿಸಿ ದ್ರವವು ಗಂಧಕದೊಡನೆ ಚಿನ್ನವನ್ನೂ ಹೊತ್ತು ಮೇಲೇರಿತು. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯಲ್ಲಿ ಆ ಗಂಧಕವು ಕಲ್ಲಿನ ಕಬ್ಬಿಣದೊಡನೆ ಕೂಡಿತು. ಆಸರೆ ತಪ್ಪಿದ ಚಿನ್ನ ಅಲ್ಲಿಯೇ ಉಳಿಯಿತು. ಹಟ್ಟಿ ಚಿನ್ನದ ಗಣಿ ಕಂಪನಿಯು ಅಲ್ಲಿ ತೆರೆದ ಗಣಿ ನಡೆಸಿತ್ತು. ಚಿತ್ರದುರ್ಗದ ಬಳಿಯ ಜಿ.ಆರ್. ಹಳ್ಳಿಯಲ್ಲಿಯೂ ಚಿನ್ನದ ಕುರುಹುಗಳಿವೆ.

ಇನ್ನು ನನ್ನ ಕಸುಬಿನ ಮಾತು. ಟನ್ನಿಗೆ 2 ಗ್ರಾಂ ಇದೆಯೆನ್ನೋಣ. 10 ಟನ್ ಅದಿರಿನ ಲಾರಿಯಲ್ಲಿರುವುದು 20 ಗ್ರಾಂ; ಶೇ. 90 ಕೈಸೇರಿದರೆ 18 ಗ್ರಾಂ. ಅದಿರಿನ ಮೇಲಿನ ಬರಡುಕಲ್ಲು ತೆಗೆಯುವುದು, ಅರೆಯುವುದು, ಸಯನೈಡ್ ಸಂಸ್ಕರಣೆ, ಸಾಲದ ಬಡ್ಡಿ ಎಲ್ಲವೂ ಇದರಿಂದಲೇ ಹುಟ್ಟಬೇಕು. ಕೋಲಾರದಂತಹ ಗಣಿಯೇ ವೆಚ್ಚ ತಾಳಲಾರದೆ 2001ರಲ್ಲಿ ಮುಚ್ಚಿತು.

ಒಂದು ಕೊರೆತದ ಫಲಿತಾಂಶ ನಿಕ್ಷೇಪವಲ್ಲ. ಅದಿರು ಎಷ್ಟು ಅಗಲ, ಎಷ್ಟು ಆಳ ಎಂಬುದು ಸಾಲುಸಾಲಾಗಿ ಕೊರೆದ ನಂತರವೇ ತಿಳಿಯುವುದು. ಆ ಹಣ ಮರಳದಿರಬಹುದು. ಜಮೀನಿನ ಕ್ರಯಪತ್ರದಿಂದ ಗಣಿಗಾರಿಕೆಯ ಹಕ್ಕು ಬಾರದು. 2015ರ ತಿದ್ದುಪಡಿಯ ನಂತರ ಅದು ಸಾಮಾನ್ಯವಾಗಿ ಹರಾಜಿನಲ್ಲಿಯೇ ದೊರೆಯುತ್ತದೆ. ಆದ್ದರಿಂದ ಮುಂಗಡ ಕೊಡುವ ಮುನ್ನ ಗುತ್ತಿಗೆಯ ಆದೇಶವನ್ನೂ ಕೊರೆತದ ವರದಿಯನ್ನೂ ಕೇಳಿ ಪಡೆಯಿರಿ.