ಹ್ಯಾರಿಯೆಟ್ ಹಾಸ್ಮರ್ ಎಂಬ ಶಿಲ್ಪಿ

ಹೆಣ್ಣುಮಗಳೊಬ್ಬಳು ಅಂದವಾದ ಕೆಲಸವನ್ನು ಮಾಡಿದರೆ, “ಇದನ್ನು ಯಾರು ಮಾಡಿಕೊಟ್ಟರು?” ಎಂದು ಕೇಳುವವರುಂಟು. ನಮ್ಮ ಹೊಲಿಗೆಯ ಪ್ರದರ್ಶನದಲ್ಲಿಯೂ ಈ ಪ್ರಶ್ನೆಯನ್ನು ನಾವು ಕೇಳಿದ್ದೇವೆ. ಇದಕ್ಕೆ ತಕ್ಕ ಉತ್ತರವೇನೆಂಬುದನ್ನು ಹ್ಯಾರಿಯೆಟ್ ಹಾಸ್ಮರಳ ಚರಿತ್ರೆಯಿಂದ ಕಲಿಯೋಣ.

ಈಕೆ 1830ರಲ್ಲಿ ಅಮೇರಿಕಾ ದೇಶದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ವಾಟರ್‌ಟೌನಿನಲ್ಲಿ ಜನಿಸಿದಳು. ತಾಯಿಯೂ ಒಡಹುಟ್ಟಿದವರೂ ತೀರಿಹೋಗಲು, ವೈದ್ಯನಾದ ತಂದೆಯು ಉಳಿದೊಬ್ಬ ಮಗಳ ದೇಹವು ಬಲಗೊಳ್ಳಲೆಂದು ಆಕೆಯನ್ನು ಬಯಲಿನಲ್ಲಿಯೇ ಆಡಿಸಿ ಬೆಳೆಸಿದನು. ಶಿಲ್ಪಿಗೆ ಶರೀರರಚನೆಯ ಜ್ಞಾನವು ಅಗತ್ಯ. ತನ್ನ ಸೀಮೆಯ ಕಾಲೇಜುಗಳಲ್ಲಿ ಸ್ತ್ರೀಯರಿಗೆ ಪ್ರವೇಶವಿಲ್ಲದ್ದರಿಂದ ಆಕೆ ದೂರದ ಸೇಂಟ್ ಲೂಯಿಸ್ ಪಟ್ಟಣಕ್ಕೆ ಹೋಗಿ, ಮ್ಯಾಕ್‌ಡೊವೆಲ್ ಎಂಬ ವೈದ್ಯನಿಂದ ಅದನ್ನು ಕಲಿತಳು. 1852ರಲ್ಲಿ ರೋಮಾಪುರವನ್ನು ಸೇರಿ, ಜಾನ್ ಗಿಬ್ಸನ್ ಎಂಬ ಪ್ರಸಿದ್ಧ ಬ್ರಿಟಿಷ್ ಶಿಲ್ಪಿಯ ಶಿಷ್ಯಳಾದಳು. ತಂದೆಗೆ ಹಣದ ಅಡಚಣೆಯುಂಟಾದಾಗ ಆಕೆ ಎದೆಗುಂದಲಿಲ್ಲ. ಅಣಬೆಯ ಮೇಲೆ ಕುಳಿತ ‘ಪಕ್’ ಎಂಬ ತುಂಟ ಬಾಲಕನ ಮೂರ್ತಿಯನ್ನು ರಚಿಸಿ, ಅದರ ಪ್ರತಿಗಳನ್ನು ಮಾರಿ ಸ್ವಂತ ಸಂಪಾದನೆಯಿಂದ ಜೀವಿಸಿದಳು.

ಪಲ್ಮೈರದ ರಾಣಿಯಾದ ಜೆನೋಬಿಯಳು ರೋಮಿನ ಚಕ್ರವರ್ತಿಗೆ ಸೆರೆಸಿಕ್ಕಿ, ಸಂಕೋಲೆ ತೊಟ್ಟೂ ಗಾಂಭೀರ್ಯಗೆಡದೆ ನಡೆಯುವ ಪ್ರತಿಮೆಯು ಆಕೆಯ ಮುಖ್ಯ ಕೃತಿ. 1862ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅದನ್ನಿಡಲು, ಅದು ಆಕೆಯ ಕೆಲಸವೇ ಅಲ್ಲವೆಂಬ ಅಪವಾದವು ಪತ್ರಿಕೆಗಳಲ್ಲಿ ಹೊರಟಿತು. ಆಕೆ ಅಳುತ್ತಾ ಕೂಡ್ರಲಿಲ್ಲ. ನ್ಯಾಯಸ್ಥಾನದ ಮೊರೆಹೊಕ್ಕು, ಪತ್ರಿಕೆಗಳು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿದಳು. ಬಳಿಕ 1864ರಲ್ಲಿ ‘ಅಟ್ಲಾಂಟಿಕ್ ಮಂಥ್ಲಿ’ ಎಂಬ ಮಾಸಪತ್ರಿಕೆಯಲ್ಲಿ ಶಿಲ್ಪದ ಕ್ರಮವನ್ನೇ ವಿವರಿಸಿದಳು. ಶಿಲ್ಪಿಯು ಮೊದಲು ಜೇಡಿಮಣ್ಣಿನಲ್ಲಿ ರೂಪವನ್ನು ನಿರ್ಮಿಸುವನು. ಅದರಿಂದ ಗಚ್ಚಿನ ಅಚ್ಚನ್ನು ತೆಗೆಯುವರು. ಅದನ್ನು ಅಳೆದಳೆದು ಕೆಲಸಗಾರರು ಅಮೃತಶಿಲೆಯಲ್ಲಿ ಕೆತ್ತುವರು. ಪುರುಷಶಿಲ್ಪಿಗಳೂ ಹೀಗೆಯೇ ಮಾಡುತ್ತಿರಲು, ಹೆಣ್ಣಿಗೆ ಮಾತ್ರ ಇದು ಕುಂದಾಗುವುದು ಹೇಗೆ?

1879ರಲ್ಲಿ ಆಕೆ ಸುಣ್ಣಕಲ್ಲಿನಿಂದ ಕೃತಕ ಅಮೃತಶಿಲೆಯನ್ನು ಮಾಡುವ ವಿಧಾನಕ್ಕೆ ಪೇಟೆಂಟು ಹಕ್ಕನ್ನು ಪಡೆದಳು. 1908ರಲ್ಲಿ ಹುಟ್ಟೂರಿನಲ್ಲಿಯೇ ನಿಧನಹೊಂದಿದಳು.

ಆದುದರಿಂದ, ಮಕ್ಕಳೇ, ನಿಮ್ಮ ಕೆಲಸದ ಒಂದೊಂದು ಹಂತವನ್ನೂ ವಿವರಿಸಬಲ್ಲಷ್ಟು ಚೆನ್ನಾಗಿ ಕಲಿಯಿರಿ. ಪಡೆದ ಸಹಾಯವನ್ನು ಮುಚ್ಚಿಡಬೇಡಿರಿ. ನಿಮ್ಮದಾದುದನ್ನು ಬಿಟ್ಟುಕೊಡಲೂ ಬೇಡಿರಿ. ದೇವರು ಕೊಟ್ಟ ತಲಾಂತನ್ನು ನೆಲದಲ್ಲಿ ಹೂಳದೆ ದುಡಿಸಿದವಳಿಗೆ, “ಇದು ನನ್ನ ಕೈಕೆಲಸ” ಎಂದು ಹೇಳಲು ನಾಚಿಕೆಯೇಕೆ?