ಕಾಫಿ ಉಡುಗೊರೆ: ಮೊದಲು ಪಾತ್ರೆ ನೋಡಿ, ಆಮೇಲೆ ದಿನಾಂಕ

ಪುಣೆ ಚಹಾದ ಊರು. ಹಳೇ ಪೇಟೆಗಳ ಮೂಲೆಮೂಲೆಯಲ್ಲೂ 'ಅಮೃತತುಲ್ಯ' ಎಂಬ ಚಹಾ ಅಂಗಡಿಗಳ ಹಿತ್ತಾಳೆ ಪಾತ್ರೆಯಲ್ಲಿ ಏಲಕ್ಕಿ ಚಹಾ ಕುದಿಯುತ್ತಲೇ ಇರುತ್ತದೆ. ಆದರೂ ಈ ಊರಿಗೆ ಫಿಲ್ಟರ್ ಕಾಫಿಯ ರುಚಿ ಹತ್ತಿಸಿದವರಲ್ಲಿ ನಮ್ಮ ಕರಾವಳಿಯವರು ಮುಂದು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ ಹೋಟೆಲನ್ನು ಕಟ್ಟಿ ಬೆಳೆಸಿದ ಜಗನ್ನಾಥ ಶೆಟ್ಟರು ಅಲ್ಲಿಂದಲೇ ಬಂದವರು. ಈಗ ಬಾಣೇರ್, ಕೊರೇಗಾಂವ್ ಪಾರ್ಕ್, ವಿಮಾನ ನಗರದ ಕಡೆ ಹೋದರೆ ತೋಟದ ಹೆಸರು ಬರೆದ ಕಾಫಿ ಪೊಟ್ಟಣಗಳು ಕೆಫೆಯ ಗೋಡೆಯುದ್ದಕ್ಕೂ ಸಾಲಾಗಿ ನಿಂತಿರುತ್ತವೆ. ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ, ದೀಪಾವಳಿಗೆ ಕಾಫಿಯನ್ನೇ ಉಡುಗೊರೆ ಕೊಡುವವರೂ ಹೆಚ್ಚುತ್ತಿದ್ದಾರೆ. ಒಳ್ಳೆಯ ಯೋಚನೆಯೇ. ಆದರೆ ಕಾಫಿಯ ಹುಚ್ಚಿರುವವರಿಗೆ ಕಾಫಿ ಆರಿಸುವುದು ಸೀರೆ ಆರಿಸಿದಷ್ಟೇ ಸೂಕ್ಷ್ಮ.

ಕೋಥ್ರುಡ್‌ನಲ್ಲಿರುವ ನಮ್ಮ ಭಾವ ಹಾಸನದ ಕಡೆಯವರು. ಒಮ್ಮೆ ಅವರ ಹುಟ್ಟುಹಬ್ಬಕ್ಕೆ ಬೆಂಗಳೂರಿನಿಂದ ಒಂದು ಕಿಲೋ ಪುಡಿ ತಂದುಕೊಟ್ಟೆ. ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದು, "ಚಿಕೋರಿ ಇದೆ ಅಲ್ವೇನಮ್ಮಾ?" ಎಂದರು ಮೆಲ್ಲಗೆ. ಅವರು ಹಾಲು ಬಿಟ್ಟು ಆಗಲೇ ಎರಡು ವರ್ಷವಾಗಿತ್ತು. ಬೆಳಿಗ್ಗೆ ಬೀಜ ಪುಡಿಮಾಡಿಕೊಂಡು, ಕಾಗದದ ಫಿಲ್ಟರಿನಲ್ಲಿ ಸೋಸಿ, ಬರೀ ಕಪ್ಪು ಕಾಫಿ ಕುಡಿಯುತ್ತಿದ್ದರು. ನಾನು ಕೇಳಿಯೇ ಇರಲಿಲ್ಲ. ತಂದ ಪುಡಿ ಕೆಟ್ಟದ್ದಲ್ಲ, ಆ ಮನೆಗೆ ಹೊಂದುವಂಥದ್ದಲ್ಲ ಅಷ್ಟೆ. ಅಲ್ಲಿಂದೀಚೆಗೆ ಅಂಗಡಿಗೆ ಹೋಗುವ ಮುಂಚೆ ಕೆಲವು ವಿಷಯ ಖಚಿತ ಮಾಡಿಕೊಳ್ಳುತ್ತೇನೆ. ಅವನ್ನೇ ಇಲ್ಲಿ ಹಂತಹಂತವಾಗಿ ಹೇಳುತ್ತಿದ್ದೇನೆ.

ಒಂದು: ಪಾತ್ರೆ ಯಾವುದು?

ಅವರ ಮನೆಗೆ ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಕಣ್ಣಾಡಿಸಿ. ಇಲ್ಲವೇ ಫೋನಿನಲ್ಲಿ ಮಾತಿಗೆ ಮಾತು ಸೇರಿಸಿ, "ಮನೇಲಿ ಕಾಫಿ ಹೇಗೆ ಮಾಡ್ಕೋತೀರಿ?" ಎಂದು ಕೇಳಿ. ಕಾಫಿ ಪ್ರಿಯರು ಈ ಪ್ರಶ್ನೆಗೆ ಹತ್ತು ನಿಮಿಷ ಉತ್ತರ ಕೊಡುತ್ತಾರೆ, ಉಡುಗೊರೆಯ ಗುಟ್ಟೂ ಬಯಲಾಗುವುದಿಲ್ಲ.

ನಮ್ಮ ಸ್ಟೀಲು ಅಥವಾ ಹಿತ್ತಾಳೆ ಫಿಲ್ಟರ್ ಇದ್ದರೆ, ಹಾಲು ಬೆರೆಸಿ ಕುಡಿಯುವ ಮನೆಯೆಂದು ಹೆಚ್ಚುಕಡಿಮೆ ನಿಶ್ಚಯ. ಅವರಿಗೆ ಗಟ್ಟಿ ಡಿಕಾಕ್ಷನ್ ಇಳಿಯುವ, ತುಸು ಗಾಢವಾಗಿ ಹುರಿದ ಕಾಫಿ ಬೇಕು. ಪುಣೆಯಲ್ಲಿ ಎಮ್ಮೆ ಹಾಲಿನ ಬಳಕೆ ಹೆಚ್ಚು. ಆ ಕೆನೆಯ ಎದುರು ತೆಳ್ಳನೆಯ ಕಾಫಿ ಸೋತುಹೋಗುತ್ತದೆ. ಗಾಜಿನ ಫ್ರೆಂಚ್ ಪ್ರೆಸ್, ಏರೋಪ್ರೆಸ್ ಅಥವಾ ಕಾಗದದ ಫಿಲ್ಟರ್ ಇಡುವ ಶಂಕುವಿನಾಕಾರದ ಬಟ್ಟಲು ಕಂಡರೆ ಕಪ್ಪು ಕಾಫಿ ಕುಡಿಯುವವರು ಎಂದುಕೊಳ್ಳಿ. ಅವರಿಗೆ ಹದವಾಗಿ ಅಥವಾ ಎಳೆಯದಾಗಿ ಹುರಿದದ್ದು ಒಪ್ಪುತ್ತದೆ. ಒಲೆಯ ಮೇಲಿಡುವ ಮೋಕಾ ಪಾಟ್ ಇವೆರಡರ ನಡುವಿನದು, ಅದಕ್ಕೆ ಮಧ್ಯಮದಿಂದ ಗಾಢದವರೆಗೆ ಯಾವುದಾದರೂ ನಡೆದೀತು.

ಎರಡು: ಬೀಜವೋ, ಪುಡಿಯೋ?

ಅವರಲ್ಲಿ ಗ್ರೈಂಡರ್ ಇದ್ದರೆ ಕಣ್ಣುಮುಚ್ಚಿ ಬೀಜ ಕೊಡಿ. ಬೀಜ ಪುಡಿಯಾದ ಗಳಿಗೆಯಿಂದಲೇ ಪರಿಮಳ ಹಾರತೊಡಗುತ್ತದೆ. ಗ್ರೈಂಡರ್ ಇಲ್ಲವಾದರೆ ಯಾವ ಪಾತ್ರೆಗೆ ಎಂದು ಅಂಗಡಿಯಲ್ಲಿ ಹೇಳಿ ಪುಡಿ ಮಾಡಿಸಿ. ಫ್ರೆಂಚ್ ಪ್ರೆಸ್‌ಗೆ ದಪ್ಪ ರವೆಯಂತೆ, ಕಾಗದದ ಫಿಲ್ಟರಿಗೆ ಸಣ್ಣ ರವೆಯಂತೆ, ನಮ್ಮ ಫಿಲ್ಟರಿಗೆ ಅದಕ್ಕಿಂತ ನಯವಾಗಿ, ಎಸ್ಪ್ರೆಸೊ ಯಂತ್ರಕ್ಕೆ ಇನ್ನೂ ನಯವಾಗಿ. ನಮ್ಮ ಫಿಲ್ಟರಿಗೆ ತೀರ ನುಣ್ಣನೆಯ ಪುಡಿ ಹಾಕಿದರೆ ತೂತುಗಳು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದೇ ಇಲ್ಲ, ದಪ್ಪ ಪುಡಿ ಹಾಕಿದರೆ ನೀರು ಹಾಗೇ ಜಾರಿ ಹೋಗುತ್ತದೆ.

ಮೂರು: ಪೊಟ್ಟಣದ ಹಿಂಬದಿ ಓದಿ

ಇದು ಎಲ್ಲಕ್ಕಿಂತ ಮುಖ್ಯ ಎನ್ನುವುದು ನನ್ನ ಅನುಭವ. ಬೆಲೆ, ಡಬ್ಬಿಯ ಅಂದ, ರಿಬ್ಬನ್ನು ಎಲ್ಲವನ್ನೂ ಬದಿಗಿಟ್ಟು ಪೊಟ್ಟಣ ತಿರುಗಿಸಿ. ಕಾಫಿ ಹುರಿದ ದಿನಾಂಕ ಇದೆಯೇ? ಪ್ಯಾಕ್ ಮಾಡಿದ ದಿನಾಂಕ ಬೇರೆ, ಹುರಿದ ದಿನಾಂಕ ಬೇರೆ. 'ಇಷ್ಟು ತಿಂಗಳೊಳಗೆ ಬಳಸಿ' ಎಂಬ ಸಾಲು ಇದ್ದರೆ ಅದು ಕೆಡುವುದಿಲ್ಲ ಎಂಬುದಕ್ಕೆ ಭರವಸೆ, ಪರಿಮಳಕ್ಕಲ್ಲ. ಒಳ್ಳೆಯ ರೋಸ್ಟರುಗಳು ಹುರಿದ ದಿನವನ್ನೇ ಮುದ್ರೆ ಒತ್ತಿರುತ್ತಾರೆ.

ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ, ಕೆಲವು ದಿನ ಮೆಲ್ಲಗೆ ಹೊರಬರುತ್ತದೆ. ಪೊಟ್ಟಣದ ಮೇಲೆ ಗುಂಡಿಯಂಥ ಸಣ್ಣ ವಾಲ್ವ್ ಇರುವುದು ಅದಕ್ಕೇ: ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು. ಆ ವಾಲ್ವಿನ ಹತ್ತಿರ ಮೂಗು ತಂದು ಪೊಟ್ಟಣವನ್ನು ಮೆತ್ತಗೆ ಅದುಮಿ ನೋಡಿ. ಹೊಸ ಕಾಫಿಯಾದರೆ ಹುರಿದ ಶೇಂಗಾ, ಬೆಲ್ಲ, ಕೋಕೋ ನೆನಪಿಸುವ ಬೆಚ್ಚಗಿನ ವಾಸನೆ ಬರುತ್ತದೆ. ಹಳತಾಗಿದ್ದರೆ ರಟ್ಟಿನ ಡಬ್ಬಿಯ ವಾಸನೆ, ಅಥವಾ ಏನೂ ಇಲ್ಲ.

ಹಾಗೆಂದು ನಿನ್ನೆ ಹುರಿದದ್ದೇ ಶ್ರೇಷ್ಠ ಎಂದಲ್ಲ. ನಾಲ್ಕೈದು ದಿನ ಸುಧಾರಿಸಿಕೊಂಡ ಬೀಜ ಹೆಚ್ಚು ಚೆನ್ನ. ನಾನು ಕೊಡುವ ದಿನಕ್ಕೆ ಹುರಿದು ಒಂದರಿಂದ ಎರಡು ವಾರ ಆಗಿರುವಂತೆ ನೋಡಿಕೊಳ್ಳುತ್ತೇನೆ. ತೆಗೆದುಕೊಂಡವರಿಗೆ ಬಳಸಲು ಇನ್ನೂ ಎರಡು ಮೂರು ವಾರ ಸಿಗುತ್ತದೆ. ಇದೇ ಕಾರಣಕ್ಕೆ ಒಂದು ಕಿಲೋ ಬೇಡ. 250 ಗ್ರಾಂ ಸಾಕು. ಇನ್ನೂ ಧಾರಾಳವಾಗಿ ಕೊಡಬೇಕೆನಿಸಿದರೆ ಒಂದೇ ದೊಡ್ಡ ಪೊಟ್ಟಣದ ಬದಲು ಎರಡು ಬೇರೆ ಬೇರೆ ತೋಟಗಳ ಸಣ್ಣ ಪೊಟ್ಟಣ ಕೊಡಿ.

ನಾಲ್ಕು: ಚಿಕೋರಿಯ ಲೆಕ್ಕ

ಚಿಕೋರಿ ಎಂದರೆ ಕಲಬೆರಕೆ ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೊಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆದು, ಹುರಿದು ಪುಡಿ ಮಾಡುತ್ತಾರೆ. ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಗಟ್ಟಿತನ, ಒಂದು ಬಗೆಯ ಸುಟ್ಟ ಸಕ್ಕರೆಯ ಕಹಿ ಕೊಡುವುದು ಅದೇ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದಿಂದ ಕುಡಿದ ಕಾಫಿಯ ರುಚಿಯೇ ಅದು. ಅಂಥವರಿಗೆ ಬರೀ ಕಾಫಿಯ ಪುಡಿ ಕೊಟ್ಟರೆ 'ನೀರುನೀರು' ಎನ್ನುತ್ತಾರೆ.

ಆದರೆ ಎಷ್ಟಿದೆ ಎಂದು ತಿಳಿದಿರಬೇಕು. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಲೇಬೇಕು. ಉಡುಗೊರೆಗೆ 80:20ಕ್ಕಿಂತ ಕೆಳಗೆ ಇಳಿಯಬೇಡಿ. ಎದುರಿನವರ ರುಚಿ ಗೊತ್ತಿಲ್ಲವೆಂದರೆ ಚಿಕೋರಿ ಇಲ್ಲದ್ದನ್ನೇ ಕೊಡುವುದು ಮೇಲು. ಬೇಕಾದವರು ಆಮೇಲೆ ಸೇರಿಸಿಕೊಳ್ಳಬಹುದು, ಸೇರಿದ್ದನ್ನು ಬೇರೆ ಮಾಡುವುದಕ್ಕಾಗುವುದಿಲ್ಲ. ಕಪ್ಪು ಕಾಫಿಯವರಿಗಂತೂ ಚಿಕೋರಿಯ ಮಾತೇ ಬೇಡ.

ಐದು: ಹೆಸರುಗಳ ಕಾಡಿನಲ್ಲಿ

ಇಲ್ಲಿ ನನಗೆ ಖುಷಿ ಹೆಚ್ಚು. ಪುಣೆಯ ಅಂಗಡಿಯಲ್ಲಿ ಕೈಗೆ ಬರುವ ಒಳ್ಳೆಯ ಕಾಫಿಯಲ್ಲಿ ಬಹುಪಾಲು ನಮ್ಮ ಕಡೆಯದೇ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ ಬೆಳೆ. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಪ್ರತೀತಿ ಎಲ್ಲರಿಗೂ ಗೊತ್ತು. 2019ರಲ್ಲಿ ಆ ಬಾಬಾಬುಡನ್‌ಗಿರಿಯ ಅರೇಬಿಕಾಕ್ಕೆ, ಜೊತೆಗೆ ಕೊಡಗು ಮತ್ತು ಚಿಕ್ಕಮಗಳೂರಿನ ಅರೇಬಿಕಾ, ವಯನಾಡಿನ ರೊಬಸ್ಟಾ, ಆಂಧ್ರದ ಅರಕು ಕಣಿವೆಯ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಮನ್ನಣೆ ಸಿಕ್ಕಿತು. ತೋಟದ ಹೆಸರು, ಊರು, ತಳಿ, ಸಂಸ್ಕರಣೆಯ ವಿಧಾನ ಬರೆದಿರುವ ಪೊಟ್ಟಣವನ್ನೇ ಆರಿಸಿ. ಇಷ್ಟು ಬರೆಯುವವರಿಗೆ ಮುಚ್ಚಿಡುವುದೇನೂ ಇರುವುದಿಲ್ಲ.

ಪೊಟ್ಟಣದ ಮೇಲಿನ ಕೆಲವು ಪದಗಳ ಅರ್ಥ ಹೀಗೆ. 'ಪ್ಲಾಂಟೇಷನ್' ಎಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಅರೇಬಿಕಾ. 'ಚೆರ್ರಿ' ಎಂದರೆ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದ್ದು. ತೊಳೆದದ್ದರಲ್ಲಿ ಹುಳಿ-ಸಿಹಿ ತಿಳಿಯಾಗಿ ಸಿಗುತ್ತದೆ, ಹಣ್ಣಿನೊಡನೆ ಒಣಗಿದ್ದರಲ್ಲಿ ಹಣ್ಣಿನ ಗುಣ ಮುಂದಾಗಿರುತ್ತದೆ. ಎಎ, ಎ, ಬಿ ಎಂಬುವು ಜರಡಿ ಹಿಡಿದ ಬೀಜದ ಗಾತ್ರ. ದಪ್ಪ ಬೀಜವೆಂದರೆ ಹೆಚ್ಚು ರುಚಿ ಎಂದೇನಿಲ್ಲ. ಪೀಬೆರಿ ಎಂದರೆ ಹಣ್ಣಿನಲ್ಲಿ ಎರಡು ಬೇಳೆಯ ಬದಲು ಒಂದೇ ದುಂಡನೆಯ ಕಾಳು ಕಟ್ಟಿದ್ದು. ಎಸ್.795, ಸೆಲೆಕ್ಷನ್ 9, ಚಂದ್ರಗಿರಿ ಇವು ತಳಿಗಳು. ಇವುಗಳ ಹಿಂದೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ದುಡಿಮೆಯಿದೆ. ಆ ಸಂಸ್ಥೆಯ ಮೂಲ 1925ರಷ್ಟು ಹಿಂದಿನದು. 'ಸ್ಪೆಷಾಲಿಟಿ' ಎನ್ನಿಸಿಕೊಳ್ಳಲು ರುಚಿ ಪರೀಕ್ಷೆಯಲ್ಲಿ ನೂರಕ್ಕೆ 80 ಅಂಕವಾದರೂ ಬರಬೇಕು.

ಹಾಲು ಬೆರೆಸುವವರಿಗೂ ಒಂದು ಹೊಸ ರುಚಿ ಕೊಡಬೇಕೆಂದಿದ್ದರೆ ಮಾನ್ಸೂನ್ಡ್ ಮಲಬಾರ್ ನೋಡಿ. ಮುಂಗಾರಿನಲ್ಲಿ ಮಂಗಳೂರು ಕಡೆಯ ಗೋದಾಮುಗಳಲ್ಲಿ ಬೀಜವನ್ನು ಹರಡಿ ಕಡಲ ತೇವದ ಗಾಳಿಗೆ ಒಡ್ಡುತ್ತಾರೆ. ಬೀಜ ಊದಿ, ಹಸಿರು ಹೋಗಿ ಹಳದಿ ಬಣ್ಣಕ್ಕೆ ತಿರುಗುತ್ತದೆ, ಹುಳಿ ಇಳಿದು ಬಾಯಿ ತುಂಬುವಂಥ ಮಂದ ರುಚಿ ಬರುತ್ತದೆ. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಸಾಗುವಾಗ ತಾನಾಗಿ ಆಗುತ್ತಿದ್ದ ಬದಲಾವಣೆಯನ್ನು ಈಗ ಬೇಕೆಂದೇ ಮಾಡುತ್ತಾರೆ. ಈ ಕಥೆಯನ್ನೂ ಉಡುಗೊರೆಯ ಜೊತೆ ಹೇಳಬಹುದು. ರೊಬಸ್ಟಾ ಎಂದರೆ ಕೀಳು ಎಂಬ ಮಾತನ್ನೂ ನಂಬಬೇಡಿ. ತೊಳೆದು ಜತನವಾಗಿ ಮಾಡಿದ 'ರೊಬಸ್ಟಾ ಕಾಪಿ ರಾಯಲ್' ದರ್ಜೆಯದನ್ನು ನಮ್ಮ ಫಿಲ್ಟರಿಗೆ ಹಾಕಿ ಕುಡಿದವರಿಗೆ ಅದರ ಬಲ ತಿಳಿಯುತ್ತದೆ.

ಆರು: ಪುಣೆಯಲ್ಲಿ ಎಲ್ಲಿ?

ಬ್ಲೂ ಟೊಕಾಯ್, ಥರ್ಡ್ ವೇವ್‌ನಂಥ ಕೆಫೆಗಳಲ್ಲಿ ಬೀಜವನ್ನು ಕೈಯಲ್ಲಿ ಹಿಡಿದು ದಿನಾಂಕ ನೋಡಿ ಕೊಳ್ಳಬಹುದು, ಕೇಳಿದರೆ ಅಲ್ಲೇ ಪುಡಿ ಮಾಡಿಯೂ ಕೊಡುತ್ತಾರೆ. ಸಾಧ್ಯವಿದ್ದರೆ ಅದೇ ಬೀಜದ ಒಂದು ಲೋಟ ಕುಡಿದು ನೋಡಿ. ಸಾಂಪ್ರದಾಯಿಕ ಫಿಲ್ಟರ್ ಪುಡಿಗೆ ರಾಸ್ತಾ ಪೇಟೆಯ ದಕ್ಷಿಣದವರ ಅಂಗಡಿಗಳಲ್ಲಿ ವಿಚಾರಿಸಿ; ಪುಡಿ ಯಾವಾಗ ಬಂದದ್ದು ಎಂದು ಕೇಳಲು ಸಂಕೋಚ ಬೇಡ. ರೋಸ್ಟರುಗಳಿಂದ ನೇರವಾಗಿ ತರಿಸುವುದಾದರೆ ಹಬ್ಬದ ಹೊತ್ತಿನಲ್ಲಿ ಕೊರಿಯರ್ ತಡವಾಗುವುದನ್ನು ಲೆಕ್ಕಕ್ಕಿಟ್ಟು ಎಂಟು ಹತ್ತು ದಿನ ಮುಂಚೆ ಹೇಳಿ.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೋ ರಾತ್ರಿ ಬಸ್ಸಿನಲ್ಲೋ ಬರುವವರ ಕೈಲಿ ತರಿಸುವ ರೂಢಿ ನಮ್ಮವರದ್ದು. ಹೊಸದಾಗಿ ಹುರಿದು ಪುಡಿ ಮಾಡಿಸಿದ ಪೊಟ್ಟಣದ ಪರಿಮಳ ಬೋಗಿಯೆಲ್ಲ ಹರಡುತ್ತದೆ, ನಿಜ. ಆದರೆ ಹರಡಿದಷ್ಟೂ ಪೊಟ್ಟಣದಲ್ಲಿ ಉಳಿಯುವುದು ಕಡಿಮೆ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಸಿ ಎಂದು ಹೇಳಿ. ಗೋಡಾ ಮಸಾಲೆ, ಚಟ್ನಿಪುಡಿ, ಅಗರಬತ್ತಿ ಇರುವ ಚೀಲದಲ್ಲಿ ಅದನ್ನು ಇಡಲೇಬೇಡಿ. ಕಾಫಿ ಪಕ್ಕದವರ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಜೊತೆಗೆ ಇನ್ನೇನಾದರೂ ಇಡಬೇಕೆಂದರೆ ಹಿತ್ತಾಳೆ ಲೋಟ-ಬಟ್ಟಲಿನ ಜೋಡಿ ಚೆನ್ನ, ತುಳಶಿಬಾಗ್‌ನ ಪಾತ್ರೆ ಅಂಗಡಿಗಳಲ್ಲಿ ಹುಡುಕಬಹುದು. ಸುವಾಸನೆ ಬೆರೆಸಿದ ಕಾಫಿ, ಇನ್‌ಸ್ಟಂಟ್ ಪುಡಿಗಳ ಅಲಂಕೃತ ಬುಟ್ಟಿ ಮಾತ್ರ ಕಾಫಿ ಪ್ರಿಯರಿಗೆ ಬೇಡ.

ಏಳು: ಕೊಡುವಾಗ

ಪುಣೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಪೊಟ್ಟಣವನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಫ್ರಿಜ್‌ನಲ್ಲಿಯೂ ಇಡಬೇಡಿ, ತೇವ ಹಿಡಿಯುತ್ತದೆ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರುವ ಹೊಸ ಬಡಾವಣೆಯವರಿಗೆ ಕೊಡುವುದಾದರೆ ಕುಡಿಯುವ ಶುದ್ಧ ನೀರಿನಲ್ಲೇ ಮಾಡಿ ಎಂದು ಒಂದು ಮಾತು ಹೇಳಿ; ಗಡಸು ನೀರಿನಲ್ಲಿ ಒಳ್ಳೆಯ ಕಾಫಿಯೂ ಸಪ್ಪೆಯಾಗುತ್ತದೆ. ತಿಂಗಳು ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮಗಿದ್ದರೆ ಏಪ್ರಿಲ್ ನಂತರ ಕೊಡಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ. ಕಣ, ಕ್ಯೂರಿಂಗ್ ವರ್ಕ್ಸ್ ದಾಟಿ ಹೊಸ ಬೆಳೆ ಹುರಿಯುವವರ ಕೈಗೆ ಬರುವ ಹೊತ್ತಿಗೆ ಯುಗಾದಿ ಆಗಿರುತ್ತದೆ.

ಕಳೆದ ಸಲ ಭಾವನಿಗೆ ಬಾಬಾಬುಡನ್‌ಗಿರಿ ಕಡೆಯ ತೊಳೆದ ಅರೇಬಿಕಾ, 250 ಗ್ರಾಂ, ಬೀಜವನ್ನೇ ಕೊಟ್ಟೆ. ಹುರಿದು ಒಂಬತ್ತು ದಿನವಾಗಿತ್ತು. ಅವರು ಕನ್ನಡಕ ಹಾಕಿಕೊಂಡು ಮೊದಲು ಓದಿದ್ದು ದಿನಾಂಕವನ್ನೇ. ಆಮೇಲೆ ಒಳಗೆ ತಿರುಗಿ, "ನೀರಿಡು, ಮೂರು ಜನಕ್ಕೆ" ಎಂದು ಅಕ್ಕನಿಗೆ ಹೇಳಿ, ಕೈ ಗ್ರೈಂಡರ್ ತೆಗೆದುಕೊಂಡು ಬಾಲ್ಕನಿಗೆ ಹೋದರು.